ಕೊಡು ಅಂದನೋ, ಕೋಡುಬಳೆ ಅಂದನೋ?



"ನಿಮ್ಮ ಮನೆ ಕತೆ ಬರೆದುಕೊಡಿ" ಎಂದು ಸಂಪಾದಕರು ಮಿಂಚೋಲೆ ಕಳಿಸಿ ಮೂರು ತಿಂಗಳಾಯಿತು. ದಿನವಿಡೀ ಕೋಡ್ ಬರೆಯುವವನಿಗೆ ಕನ್ನಡ ಬರೆಯಲು ಕೈ ಬರುವುದಿಲ್ಲ ಎಂದು ಸಬೂಬು ಹೇಳುತ್ತಾ ಬಂದೆ. ನಿಜವಾದ ಕಾರಣ ಬೇರೆ. ಈ ಕತೆಯಲ್ಲಿ ನಾನು ಅಷ್ಟೇನೂ ಚೆನ್ನಾಗಿ ಕಾಣುವುದಿಲ್ಲ! ಕೊನೆಗೆ ಹೆಂಡತಿಯನ್ನು ಕೇಳಿದೆ. "ಬರೀರಿ. ಆದ್ರೆ ನನ್ನನ್ನ ದೇವತೆ ಮಾಡ್ಬೇಡಿ, ಅವನ ಹೆಸರು ಹಾಕ್ಬೇಡಿ" ಎಂದಳು. ಎರಡೂ ಷರತ್ತಿಗೆ ಒಪ್ಪಿ ಕೂತಿದ್ದೇನೆ. ಮನೆಯಲ್ಲಿ ಅವನನ್ನು ಪುಟ್ಟ ಎನ್ನುತ್ತೇವೆ, ಇಲ್ಲೂ ಪುಟ್ಟನೇ ಇರಲಿ.

ನಾವಿರುವ ಫ್ಯಾಕ್ಟೋರಿಯಾದಲ್ಲಿ ಫ್ಯಾಕ್ಟರಿ ಇಲ್ಲ. ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಇಲ್ಲಿ ಕಾರ್ಖಾನೆಗಳ ಸಾಲೇ ಬರುತ್ತದೆಂದು ಕನಸು ಕಂಡು ಹೆಸರಿಟ್ಟರು. ಕಾರ್ಖಾನೆ ಬರಲಿಲ್ಲ, ಹೆಸರು ಉಳಿಯಿತು. ಈಗ ಇರುವುದು 405 ಮತ್ತು ಐ-90 ಹೆದ್ದಾರಿಗಳು ಕೂಡುವ ಗದ್ದಲ, ಒಂದಿಷ್ಟು ಆಫೀಸುಗಳು, ನಮ್ಮಂಥವರ ಅಪಾರ್ಟ್‌ಮೆಂಟುಗಳು ಮತ್ತು ಆ ಮಾಲ್. 2017ರ ಕೊನೆಯಲ್ಲಿ ಮಳೆ ಸುರಿಯುತ್ತಿದ್ದ ಒಂದು ಸಂಜೆ (ಸಿಯಾಟಲ್‌ನಲ್ಲಿ ಚಳಿಗಾಲದ ಯಾವ ಸಂಜೆ ಸುರಿಯುವುದಿಲ್ಲ ಹೇಳಿ) ಆ ಮಾಲಿನ ಟಾರ್ಗೆಟ್ ಅಂಗಡಿಯಲ್ಲಿ ಎರಡೂವರೆ ವರ್ಷದ ಪುಟ್ಟ ನೆಲದ ಮೇಲೆ ಮಲಗಿ ನಲವತ್ತು ನಿಮಿಷ ಕಿರುಚಿದ. ಆಟಿಕೆ ಕೊಡಿಸಲಿಲ್ಲ ಎಂದಲ್ಲ. ಒಂದು ಬಾಗಿಲಿನಿಂದ ಒಳಗೆ ಬಂದು ಇನ್ನೊಂದು ಬಾಗಿಲಿನಿಂದ ಹೊರಗೆ ಹೊರಟಿದ್ದೆವು, ಅಷ್ಟೇ. ಕಾರಣ ಅದು ಎಂದು ಅರ್ಥವಾಗಿದ್ದು ಎಷ್ಟೋ ತಿಂಗಳು ಕಳೆದ ಮೇಲೆ.

ಆ ಹೊತ್ತಿಗೆ ಸರಿಯಾಗಿ ಸಂಘದ ಪರಿಚಯದವರೊಬ್ಬರು ಕಾರ್ಟ್ ತಳ್ಳಿಕೊಂಡು ಎದುರಿಗೆ ಬಂದರು. "ಏನಾಯ್ತು ಮಗೂಗೆ?" ಎಂದರು. "ಜ್ವರ ಬಂದಿದೆ" ಎಂದೆ. ಹೆಂಡತಿ ನನ್ನ ಮುಖವನ್ನೊಮ್ಮೆ ನೋಡಿದಳು, ಏನೂ ಹೇಳಲಿಲ್ಲ. ಅದಾದ ಮೇಲೆ ಒಂದು ವರ್ಷ ನಾವು ಸಂಘದ ಯಾವ ಕಾರ್ಯಕ್ರಮಕ್ಕೂ ಬರಲಿಲ್ಲ. ಯುಗಾದಿಗೆ ಯಾಕೆ ಬರಲಿಲ್ಲ, ರಾಜ್ಯೋತ್ಸವಕ್ಕೆ ಯಾಕೆ ಕಾಣಲಿಲ್ಲ ಎಂದು ಕೇಳಿದವರಿಗೆಲ್ಲ "ರಿಲೀಸ್ ಇತ್ತು, ಆನ್‌ಕಾಲ್ ಇತ್ತು" ಎಂದಿದ್ದೆ. ಅವರೆಲ್ಲರ ಕ್ಷಮೆ ಈಗ ಕೇಳುತ್ತಿದ್ದೇನೆ.

ಅನುಮಾನ ಅದಕ್ಕೂ ಮೊದಲೇ ಇತ್ತು. ಹಾಸನಕ್ಕೆ ಹೋಗಿದ್ದಾಗ ಪುಟ್ಟ ಅಜ್ಜಿ ತಾತನ ಮುಖ ನೋಡದೆ ಇಡೀ ದಿನ ಸೀಲಿಂಗ್ ಫ್ಯಾನ್ ನೋಡುತ್ತಾ ಮಲಗಿದ್ದ. "ನಮ್ಮನೆ ಗಂಡು ಮಕ್ಕಳಿಗೆ ಮಾತು ತಡ ಕಣೋ, ನೀನೂ ಮೂರು ತುಂಬಿದ ಮೇಲೇ ಮಾತಾಡಿದ್ದು" ಎಂದರು ಅಮ್ಮ. ಬಜೆ ಬೇರು ತೇಯ್ದು ನಾಲಿಗೆಗೆ ಹಚ್ಚಿದರು, ಧರ್ಮಸ್ಥಳಕ್ಕೆ ಹರಕೆ ಹೊತ್ತರು. ಅವರದ್ದೇನೂ ತಪ್ಪಿಲ್ಲ. ನನಗೂ ಆ ಮಾತು ಬೇಕಾಗಿತ್ತು, ಹಿಡಿದುಕೊಂಡೆ. ಹೆಂಡತಿ ಹಿಡಿದುಕೊಳ್ಳಲಿಲ್ಲ. ಅವಳು ಬೇರೆಯದನ್ನೇ ಗಮನಿಸಿದ್ದಳು: ಮಾತು ಬಾರದ ಮಗುವೂ ಬೆರಳು ತೋರಿಸುತ್ತದೆ, "ಅಗೋ ನೋಡು" ಎಂಬಂತೆ ನಿಮ್ಮ ಮುಖ ನೋಡುತ್ತದೆ. ಪುಟ್ಟ ಬೆರಳು ತೋರಿಸುತ್ತಿರಲಿಲ್ಲ. ಏನಾದರೂ ಬೇಕಾದರೆ ನಮ್ಮ ಮಣಿಕಟ್ಟು ಹಿಡಿದು ಎಳೆದುಕೊಂಡು ಹೋಗಿ ಆ ವಸ್ತುವಿನ ಮೇಲೆ ನಮ್ಮ ಕೈ ಇಡುತ್ತಿದ್ದ, ಇಕ್ಕಳ ಬಳಸಿದ ಹಾಗೆ. ಮುಖ ಮಾತ್ರ ನೋಡುತ್ತಿರಲಿಲ್ಲ.

ಮಕ್ಕಳ ಡಾಕ್ಟರ ಬಳಿ 18 ಮತ್ತು 24 ತಿಂಗಳಿಗೆ ಒಂದು ಪ್ರಶ್ನಾವಳಿ ತುಂಬಿಸುತ್ತಾರೆ, ಎಂ-ಚ್ಯಾಟ್ ಎಂದು. ಇಪ್ಪತ್ತು ಪ್ರಶ್ನೆ, ಹೌದು ಅಥವಾ ಇಲ್ಲ. 18 ತಿಂಗಳಿನದ್ದನ್ನು ತುಂಬಿದವನು ನಾನು. ಎಲ್ಲಕ್ಕೂ ಒಳ್ಳೆಯ ಉತ್ತರವನ್ನೇ ಗೀಚಿಬಿಟ್ಟಿದ್ದೆ, ಪರೀಕ್ಷೆಯಲ್ಲಿ ಮಗ ಪಾಸಾಗಬೇಕು ಎಂಬಂತೆ! ಎರಡನೆಯದನ್ನು ಅವಳು ತುಂಬಿದಳು. ಚಿಕ್ಕ ಮಕ್ಕಳಿರುವ ಗೆಳೆಯರೇ, ಈ ಒಂದು ವಿಷಯದಲ್ಲಿ ನನ್ನಂತೆ ಮಾಡಬೇಡಿ. ಆ ಕಾಗದ ಮಗುವಿನ ಮಾರ್ಕ್ಸ್ ಕಾರ್ಡ್ ಅಲ್ಲ.

ಅಲ್ಲಿಂದ ಮುಂದೆ ನಡೆದದ್ದು ಬಹಳ ಮನೆಗಳ ಕತೆ, ಬೇಗ ಹೇಳಿಬಿಡುತ್ತೇನೆ. ಬೆಲ್ವ್ಯೂನಲ್ಲಿ ಕಿಂಡರಿಂಗ್ ಎಂಬ ಸಂಸ್ಥೆಯಿದೆ, 1962ರಲ್ಲಿ ಇಂಥ ಮಕ್ಕಳ ಪೋಷಕರೇ ಶುರುಮಾಡಿದ್ದು. ಮೂರು ವರ್ಷದೊಳಗಿನ ಮಕ್ಕಳಿಗೆ ಅವರ ಸೇವೆ ಸಿಗುತ್ತದೆ, ಅದಕ್ಕೆ ಆಟಿಸಂ ಎಂಬ ಚೀಟಿ ಬೇಕಿಲ್ಲ. ಬೆಳವಣಿಗೆ ತಡವಾಗಿದೆ ಎಂದು ಕಂಡರೆ ಸಾಕು. ಚೀಟಿ ಬೇಕಿರುವುದು ವಿಮೆಗೆ. ಆ ಚೀಟಿಗಾಗಿ ಏಳು ತಿಂಗಳು ಸರದಿಯಲ್ಲಿ ಕಾದೆವು. 2018ರ ವಸಂತದಲ್ಲಿ, ಮೂರು ತುಂಬಲು ಎರಡು ತಿಂಗಳಿರುವಾಗ, ಪುಟ್ಟನಿಗೆ ಆಟಿಸಂ ಇದೆ ಎಂದು ಬರೆದುಕೊಟ್ಟರು. ಕನ್ನಡದಲ್ಲಿ ಸ್ವಲೀನತೆ ಎನ್ನುತ್ತಾರೆ. ಪದ ಚೆನ್ನಾಗಿದೆ, ಆದರೆ ತನ್ನಲ್ಲೇ ಲೀನನಾದವನು ಬಾಗಿಲು ಬದಲಾದರೆ ನಲವತ್ತು ನಿಮಿಷ ಯಾಕೆ ಅಳುತ್ತಾನೆ? ಹೊರಗಿನ ಲೋಕ ಅವನಿಗೆ ತಟ್ಟುವುದು ಕಡಿಮೆಯಲ್ಲ, ಬಹಳ ಹೆಚ್ಚು ಎಂದು ಈಗ ನನಗನ್ನಿಸುತ್ತದೆ.

ಅದೇ ದಿನಗಳಲ್ಲಿ ತಜ್ಞರೊಬ್ಬರು ಒಂದು ಮಾತು ಹೇಳಿದರು: "ಮನೆಯಲ್ಲಿ ಎರಡು ಭಾಷೆ ಬೇಡ, ಗೊಂದಲವಾಗುತ್ತದೆ. ಇಂಗ್ಲಿಷ್ ಒಂದೇ ಆಡಿ." ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ನಾವು ಪ್ರಶ್ನಿಸಲಿಲ್ಲ. ಮಗ ಮಾತಾಡುತ್ತಾನೆ ಎಂದರೆ ಕನ್ನಡವೇನು, ಕಿಡ್ನಿ ಕೇಳಿದ್ದರೂ ಕೊಡುತ್ತಿದ್ದೆವು. ಅಂದಿನಿಂದ ಪುಟ್ಟನೊಂದಿಗೆ ಕನ್ನಡ ಬಂದ್. "ಬಾ ಪುಟ್ಟ" ಹೋಗಿ "ಕಮ್ ಹಿಯರ್" ಬಂತು. ಭಾನುವಾರದ ವಿಡಿಯೋ ಕರೆಯಲ್ಲಿ ಅಮ್ಮನಿಗೂ ಹೇಳಿದೆ, ಅವನ ಹತ್ತಿರ ಕನ್ನಡ ಆಡಬೇಡಿ ಎಂದು. ಅಮ್ಮನಿಗೆ ಇಂಗ್ಲಿಷ್ ಬರುವುದಿಲ್ಲ. ಮುಂದಿನ ವಾರದಿಂದ ಅವರು ಫೋನಿನ ಮುಂದೆ ಕೂತು ಮೊಮ್ಮಗನನ್ನು ಸುಮ್ಮನೆ ನೋಡುತ್ತಿದ್ದರು. ನಗುತ್ತಿದ್ದರು, ಕೈಯಾಡಿಸುತ್ತಿದ್ದರು, ಮಾತಿಲ್ಲ. ಅವನಿಗೂ ಮಾತಿಲ್ಲ, ಅವರಿಗೂ ಮಾತಿಲ್ಲ. ಐದು ತಿಂಗಳು ಹೀಗೇ ನಡೆಯಿತು.

ಆಮೇಲೆ ಬಂದದ್ದು ಕೋಡುಬಳೆ.

ಅಷ್ಟರಲ್ಲಿ ಪುಟ್ಟನಿಗೆ ಥೆರಪಿ ಶುರುವಾಗಿತ್ತು. ಅಪ್ಲೈಡ್ ಬಿಹೇವಿಯರ್ ಅನಾಲಿಸಿಸ್, ಎಲ್ಲರ ಬಾಯಲ್ಲಿ ಎಬಿಎ. ದೊಡ್ಡ ಕೆಲಸವನ್ನು ಚಿಕ್ಕ ಚಿಕ್ಕ ಹೆಜ್ಜೆಗಳಾಗಿ ಒಡೆಯುವುದು, ಒಂದೊಂದು ಹೆಜ್ಜೆಗೂ ಎಷ್ಟು ಸಹಾಯ ಬೇಕಾಯಿತು ಎಂದು ಬರೆದಿಡುವುದು, ಮಗುವಿಗೆ ಇಷ್ಟವಾದದ್ದನ್ನು ಅದರ ಬೆನ್ನಿಗೇ ಕೊಡುವುದು, ಸಹಾಯವನ್ನು ಮೆಲ್ಲಗೆ ಹಿಂತೆಗೆದುಕೊಳ್ಳುವುದು. ಕ್ಲಿನಿಕ್ಕಿನಲ್ಲಿ ಬೇರೆ ಪೋಷಕರು ಕಾಯುವ ಕೋಣೆಯಲ್ಲಿ ಫೋನ್ ನೋಡುತ್ತಿದ್ದರೆ, ನನ್ನ ಹೆಂಡತಿ ಒಮ್ಮುಖ ಗಾಜಿನ ಹಿಂದೆ ನಿಂತು ನೋಟ್‌ಬುಕ್ಕಿನಲ್ಲಿ ಗೀಚುತ್ತಿದ್ದಳು. ಬೆಂಗಳೂರಿನಲ್ಲಿ ನಾಲ್ಕು ವರ್ಷ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡಿದವಳು, ತಪ್ಪು ಹುಡುಕುವುದು ಅವಳ ರಕ್ತದಲ್ಲಿದೆ (ನನಗೆ ಅನುಭವವಿದೆ). ಥೆರಪಿಸ್ಟ್ ಹುಡುಗಿ ಮಗುವಿಗೆ ಉತ್ತರಿಸಲು ಎಷ್ಟು ಸೆಕೆಂಡು ಬಿಡುತ್ತಾಳೆ, ಕೈ ಹಿಡಿದು ಮಾಡಿಸಿದ್ದು ಎಷ್ಟು, ಅವನೇ ಮಾಡಿದ್ದು ಎಷ್ಟು... ಎಲ್ಲ ಲೆಕ್ಕ.

2018ರ ದೀಪಾವಳಿಗೆ ಅತ್ತೆ ಯಾರದೋ ಸೂಟ್‌ಕೇಸಿನಲ್ಲಿ ಕೋಡುಬಳೆ ಕಳಿಸಿದ್ದರು. ಪುಟ್ಟನಿಗೆ ಅದೆಂದರೆ ಪ್ರಾಣ. ಹೆಂಡತಿ ಅದನ್ನು ಒಳಗಿರುವುದು ಕಾಣುವ, ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ ಮೇಜಿನ ಮೇಲಿಟ್ಟಳು. ಅವನು ಬಂದ, ಅವಳ ಕೈ ಹಿಡಿದು ಮುಚ್ಚಳದ ಮೇಲಿಟ್ಟ. ಅವಳು ತೆಗೆಯಲಿಲ್ಲ. ಕ್ಲಿನಿಕ್ಕಿನ ಪಟ್ಟಿಯಲ್ಲಿದ್ದ ಪದ 'ಮೋರ್'. "ಮೋರ್?" ಎಂದು ಒಮ್ಮೆ ಹೇಳಿ ಕಾದಳು. ಒಂದು, ಎರಡು, ಮೂರು, ನಾಲ್ಕು... ನನಗೆ ತಡೆಯಲಾಗದೆ ಮುಚ್ಚಳಕ್ಕೆ ಕೈ ಹಾಕಹೋದೆ, ಕಣ್ಣಲ್ಲೇ ಗದರಿದಳು. ಪುಟ್ಟ ಡಬ್ಬಿ ನೋಡಿಕೊಂಡೇ ಹೇಳಿದ: "ಕೋಡು."

ಹೇಳಬೇಕಿಲ್ಲ ನನ್ನ ಸ್ಥಿತಿ. "ಕೊಡು ಅಂದ ಕಣೇ! ಕೊಡು ಅಂದ! ಕನ್ನಡದಲ್ಲಿ ಕೇಳಿದ!" ಎಂದು ಕೂಗಿದೆ. ಅವಳು ಮೊದಲು ಅವನಿಗೆ ಕೋಡುಬಳೆ ಕೊಟ್ಟಳು. ಆಮೇಲೆ ಕಣ್ಣೊರೆಸಿಕೊಂಡಳು. ಆಮೇಲೆ ಹೇಳಿದಳು: "ಕೋಡುಬಳೆ ಅಂದಿರಬಹುದು. ಅಥ್ವಾ ಬರೀ ಶಬ್ದ ಇರಬಹುದು. ನೋಡೋಣ."

ನನಗೆ ಸಿಟ್ಟು ಬಂತು. ಮೂರೂವರೆ ವರ್ಷಕ್ಕೆ ಮೊದಲ ಮಾತು ಬಂದಿದೆ, ಇವಳಿಗೆ ಬಗ್ ರಿಪೋರ್ಟ್ ಬೇಕಂತೆ! ಆದರೆ ಅವಳು ಹೇಳಿದ್ದರಲ್ಲಿ ಅರ್ಥವಿತ್ತು. 'ಕೊಡು' ಆಗಿದ್ದರೆ ಅದು ಎಲ್ಲಕ್ಕೂ ಬರುವ ಕೀಲಿ, ಕಿತ್ತಳೆಗೂ ಬಾಗಿಲಿಗೂ ಬರಬೇಕು. 'ಕೋಡುಬಳೆ'ಯ ತುಂಡಾಗಿದ್ದರೆ ಕೋಡುಬಳೆಗಷ್ಟೇ ಬರುತ್ತದೆ. ಮಾರನೆ ದಿನದಿಂದ ಒಂದು ಹಾಳೆಗೆ ಗೆರೆ ಎಳೆದಳು. ಒಂದೇ ಥರದ ಮೂರು ಡಬ್ಬಿ: ಒಂದರಲ್ಲಿ ಕೋಡುಬಳೆ, ಒಂದರಲ್ಲಿ ಕಿತ್ತಳೆ ತೊಳೆ, ಒಂದರಲ್ಲಿ ಅವನ ಕೆಂಪು ಕಾರು. ಆರು ದಿನ ಕೋಡುಬಳೆಗೆ ಮಾತ್ರ "ಕೋಡು" ಬಂತು. ಕಿತ್ತಳೆಗೆ ಹಳೆಯ ಇಕ್ಕಳದ ಕೈ. ನನ್ನ ಮುಖ ಬಾಡಿತು. ಏಳನೆಯ ದಿನ ಬೆಳಿಗ್ಗೆ, ಹಾಳೆ ಡಬ್ಬಿ ಯಾವುದೂ ಹತ್ತಿರವಿಲ್ಲದಾಗ, ಬಚ್ಚಲು ಮನೆಯ ಬಾಗಿಲಲ್ಲಿ ನಿಂತು ನಾನು ಹಿಡಿದಿದ್ದ ಮಗ್ಗಿನ ಕಡೆ ನೋಡಿ ಹೇಳಿದ: "ಕೋಡು." ಅವಳು ಓಡಿ ಬಂದು ಬರೆದುಕೊಂಡಳು. ಆ ಹಾಳೆ ಈಗಲೂ ಮನೆಯಲ್ಲಿದೆ.

ನಾವು ಅವನೊಂದಿಗೆ ಕನ್ನಡ ಬಿಟ್ಟು ಐದು ತಿಂಗಳಾಗಿತ್ತು. ನಮ್ಮಿಬ್ಬರ ಮಾತು, ಜಗಳ, ಊರಿನ ಫೋನು, ಇವನ್ನೆಲ್ಲ ಕೇಳಿಸಿಕೊಂಡು ಅವನೇ ಹೆಕ್ಕಿಕೊಂಡಿದ್ದು ಅದು. ಅವಳು ಹಾಳೆಯನ್ನು ಕ್ಲಿನಿಕ್ಕಿಗೆ ಒಯ್ದು ಸೂಪರ್‌ವೈಸರ್ ಮುಂದಿಟ್ಟಳು. ಆಕೆ ದೊಡ್ಡ ಮನಸ್ಸಿನವರು, ಅದನ್ನು ನೋಡಿ ಅಂದೇ ಪಟ್ಟಿಯಲ್ಲಿ 'ಮೋರ್' ಹೊಡೆದು 'ಕೊಡು' ಬರೆದರು. ಮುಂದೆ ಆ ಕ್ಲಿನಿಕ್ಕಿನ ಅಮೆರಿಕನ್ ಹುಡುಗಿಯರೆಲ್ಲ "ಕೋಡೂ? ಕೋಡೂ?" ಎನ್ನುತ್ತಿದ್ದುದನ್ನು ನೀವು ಕೇಳಬೇಕಿತ್ತು. ಅಪ್ಪ ಕೋಡ್ ಬರೆಯುತ್ತಾನೆ, ಮಗ ಕೋಡ್ ಕೇಳುತ್ತಾನೆ ಎಂದು ಅವರಿಗೆ ತಮಾಷೆ. ಎರಡು ಭಾಷೆಯಿಂದ ಆಟಿಸಂ ಇರುವ ಮಕ್ಕಳ ಮಾತು ಕೆಡುತ್ತದೆ ಎಂಬ ಭಯಕ್ಕೆ ಇದುವರೆಗಿನ ಅಧ್ಯಯನಗಳಲ್ಲಿ ಆಧಾರ ಸಿಕ್ಕಿಲ್ಲ ಎಂದು ಹೆಂಡತಿ ಆಮೇಲೆ ಓದಿ ತಿಳಿದುಕೊಂಡಳು. ಆ ಭಾನುವಾರ ಅಮ್ಮನಿಗೆ ಹೇಳಿದೆ, "ಅಮ್ಮ, ಇನ್ನು ಕನ್ನಡ ಮಾತಾಡಿ" ಎಂದು. ಅವರು ಒಂದೂವರೆ ಗಂಟೆ ಮಾತಾಡಿದರು.

ಆ ಡಿಸೆಂಬರಿನಲ್ಲಿ ಅವಳು ಹೇಳಿದಳು, "ನಾನು ಇದನ್ನೇ ಕಲೀತೀನಿ" ಎಂದು.

ಹಿನ್ನೆಲೆ ಸ್ವಲ್ಪ ಬೇಕು. ಅವಳು 2013ರಲ್ಲಿ ಎಚ್-4 ವೀಸಾದಲ್ಲಿ ಬಂದವಳು, ಕೆಲಸ ಮಾಡುವಂತಿರಲಿಲ್ಲ. ಗ್ರೀನ್ ಕಾರ್ಡಿನ ಸರದಿಯಲ್ಲಿ ಐ-140 ಮಂಜೂರಾದವರ ಸಂಗಾತಿಗಳಿಗೆ 2015ರ ಮೇ ತಿಂಗಳಿನಿಂದ ಕೆಲಸದ ಪರವಾನಗಿ ಸಿಗತೊಡಗಿತು. ಅವಳ ಕಾರ್ಡು ಕೈಗೆ ಬಂದಿದ್ದು 2017ರಲ್ಲಿ. ಮತ್ತೆ ಸಾಫ್ಟ್‌ವೇರ್‌ಗೆ ಹೋಗುವುದು ಎಂದು ನಾವಿಬ್ಬರೂ ಅಂದುಕೊಂಡಿದ್ದೆವು, ಜಾವಾ ಪುಸ್ತಕ ತೆರೆದೂ ಆಗಿತ್ತು. ಈಗ ಇವಳು ಗಂಟೆ ಲೆಕ್ಕದ ಸಂಬಳಕ್ಕೆ ಬೇರೆಯವರ ಮಕ್ಕಳ ಜೊತೆ ನೆಲದ ಮೇಲೆ ಕೂರುತ್ತೇನೆ ಎನ್ನುತ್ತಾಳೆ! ನಾನು ಸ್ಪ್ರೆಡ್‌ಶೀಟ್ ತೆರೆದೆ. "ಆ ಸಂಬಳದಲ್ಲಿ ಡೇಕೇರ್ ಖರ್ಚೂ ಹುಟ್ಟಲ್ಲ" ಎಂದೆ. ಊರಿನ ಬಂಧುವೊಬ್ಬರು ಫೋನಿನಲ್ಲಿ ಇನ್ನೂ ಮುಂದೆ ಹೋದರು: "ಇಂಜಿನಿಯರಿಂಗ್ ಓದಿಸಿದ್ದು ಆಯಾ ಕೆಲಸಕ್ಕಾ?" ಅವರಿಗೆ ಅವಳು ಉತ್ತರಿಸಲಿಲ್ಲ. ನನಗೆ ಉತ್ತರಿಸಿದಳು: "ಪುಟ್ಟನ ಥೆರಪಿಸ್ಟ್‌ಗಳು ಆರಾರು ತಿಂಗಳಿಗೆ ಬದಲಾಗ್ತಾರೆ. ನಾನು ಬದಲಾಗಲ್ಲ. ಅವರಿಗೆ ಗೊತ್ತಿರೋದು ನನಗೂ ಗೊತ್ತಿರ್ಬೇಕು."

ಮೊದಲ ಮೆಟ್ಟಿಲು ಆರ್‌ಬಿಟಿ, ಅಂದರೆ ನೋಂದಾಯಿತ ಬಿಹೇವಿಯರ್ ಟೆಕ್ನಿಷಿಯನ್. 40 ಗಂಟೆಯ ತರಬೇತಿ, ಪೊಲೀಸ್ ಹಿನ್ನೆಲೆ ತಪಾಸಣೆ, ಕೆಲಸ ಮಾಡಿ ತೋರಿಸುವ ಪರೀಕ್ಷೆ, ಆಮೇಲೆ ಕಂಪ್ಯೂಟರ್ ಪರೀಕ್ಷೆ. ಪ್ರಮಾಣಪತ್ರ ಕೊಡುವ ಮಂಡಳಿ 1998ರಲ್ಲಿ ಶುರುವಾದದ್ದು, ಈ ಮೆಟ್ಟಿಲನ್ನು ಸೇರಿಸಿದ್ದು 2014ರಲ್ಲಿ. ಜೊತೆಗೆ ವಾಷಿಂಗ್ಟನ್ ರಾಜ್ಯದ್ದೇ ಬೇರೆ ಪರವಾನಗಿ; ಅದರ ಕಾನೂನಾದದ್ದು 2015ರಲ್ಲಿ. ಅವಳು 2019ರ ಮಾರ್ಚಿನಲ್ಲಿ ಕೆಲಸಕ್ಕೆ ಸೇರಿದಳು. ಕೆಲಸದ ಮಕ್ಕಳ ಬಗ್ಗೆ ಮನೆಯಲ್ಲಿ ಒಂದಕ್ಷರ ಹೇಳುವಂತಿಲ್ಲ, ಗೌಪ್ಯತೆಯ ಕಾನೂನು. ಹಾಗಾಗಿ ಆ ವರ್ಷ ನನಗೆ ಗೊತ್ತಾದದ್ದು ಅವಳ ಮುಂಗೈ ಮೇಲಿನ ಬ್ಯಾಂಡ್-ಏಡ್‌ಗಳಿಂದ ಮಾತ್ರ. ಒಂದು ದಿನ ಕಾರಿನಲ್ಲೇ ಅರ್ಧ ಗಂಟೆ ಕೂತಿದ್ದು ಒಳಗೆ ಬಂದಳು. ಕೇಳಿದ್ದಕ್ಕೆ, "ಇವತ್ತು ಒಬ್ಬಮ್ಮ ಗಾಜಿನ ಹಿಂದೆ ನಿಂತಿದ್ರು" ಎಂದಳು, ಅಷ್ಟೇ.

ಇಂಥ ದಾರಿ ತುಳಿದ ಅಪ್ಪ ಅಮ್ಮಂದಿರು ಅವಳಿಗಿಂತ ಮೊದಲೂ ಇದ್ದರು. ಆಟಿಸಂನ ಇತಿಹಾಸದ ಅರ್ಧವನ್ನು ಬರೆದವರೇ ಪೋಷಕರು ಎಂದರೆ ಅತಿಶಯೋಕ್ತಿಯಲ್ಲ. 1943ರಲ್ಲಿ ಲಿಯೋ ಕ್ಯಾನರ್ ಹನ್ನೊಂದು ಮಕ್ಕಳನ್ನು ವಿವರಿಸಿ ಇದಕ್ಕೊಂದು ಹೆಸರು ಕೊಟ್ಟ. ಅಲ್ಲಿಂದ ಎರಡು ದಶಕ, ತಾಯಿಗೆ ಪ್ರೀತಿ ಸಾಲದೆ ಮಗು ಹೀಗಾಗುತ್ತದೆ ಎಂಬ ವಿಚಾರವೇ ಓಡಾಡುತ್ತಿತ್ತು. 'ಫ್ರಿಜ್ ತಾಯಂದಿರು' ಎಂದು ಕರೆದರು, ಊಹಿಸಿಕೊಳ್ಳಿ. ಅದನ್ನು 1964ರ ತನ್ನ ಪುಸ್ತಕದಲ್ಲಿ ಕಿತ್ತುಹಾಕಿದ ಬರ್ನಾರ್ಡ್ ರಿಮ್‌ಲ್ಯಾಂಡ್ ಮನಶ್ಶಾಸ್ತ್ರಜ್ಞ, ಆಟಿಸಂ ಇದ್ದ ಹುಡುಗನ ಅಪ್ಪ. ಇದು ಒಂದೇ ರೋಗವಲ್ಲ, ಉದ್ದಕ್ಕೆ ಹರಡಿದ ಒಂದು ವ್ಯಾಪ್ತಿ ಎಂದು ತೋರಿಸಿಕೊಟ್ಟ ಲಂಡನ್ನಿನ ಲೋರ್ನಾ ವಿಂಗ್ ಮನೋವೈದ್ಯೆ, ಆಟಿಸಂ ಇದ್ದ ಹುಡುಗಿಯ ಅಮ್ಮ. ದೆಹಲಿಯಲ್ಲಿ 1991ರಲ್ಲಿ ಆಕ್ಷನ್ ಫಾರ್ ಆಟಿಸಂ ಕಟ್ಟಿದ ಮೆರಿ ಬರುವಾ ಕೂಡ ಹೀಗೇ, ಮಗನಿಗಾಗಿ ಹೊರಟು ಶಾಲೆ ಕಟ್ಟಿದವರು.

ನಮ್ಮ ಸಿಯಾಟಲ್‌ನದ್ದೂ ಒಂದು ಕತೆಯಿದೆ, ಇದು ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ಈ ರಾಜ್ಯದಲ್ಲಿ ಒಂದು ಕಾಲಕ್ಕೆ ಶಾಲೆಗಳು ಇಂಥ ಮಕ್ಕಳನ್ನು ಸೇರಿಸಿಕೊಳ್ಳದೆ ವಾಪಸ್ ಕಳಿಸಬಹುದಿತ್ತು. ಈವ್ಲಿನ್ ಚಾಪ್‌ಮನ್, ಕೇಟಿ ಡೋಲನ್, ಸಿಸೀಲ್ ಲಿಂಡ್‌ಕ್ವಿಸ್ಟ್, ಜಾನೆಟ್ ಟ್ಯಾಗರ್ಟ್ ಎಂಬ ನಾಲ್ವರು ಮಹಿಳೆಯರು ಇಬ್ಬರು ಕಾನೂನು ವಿದ್ಯಾರ್ಥಿಗಳನ್ನು ಜೊತೆ ಮಾಡಿಕೊಂಡು ತಾವೇ ಮಸೂದೆ ಬರೆದರು. ಕೇಟಿ ಡೋಲನ್ ಟಿವಿಯಲ್ಲಿ ಕಾಣಿಸಿಕೊಳ್ಳುತ್ತಿದ್ದವರು, ಅವರ ಮಗನಿಗೆ ಆಟಿಸಂ. ಎಲ್ಲ ಮಕ್ಕಳಿಗೂ ಶಿಕ್ಷಣ ಎಂಬ ಆ ಕಾನೂನು 1971ರಲ್ಲಿ ಆಯಿತು. ಕೇಂದ್ರದ ಕಾನೂನು ಬಂದದ್ದು ಅದಕ್ಕೂ ನಾಲ್ಕು ವರ್ಷದ ನಂತರ, 1975ರಲ್ಲಿ. ಪುಟ್ಟ ಮೂರು ತುಂಬಿದೊಡನೆ ಬೆಲ್ವ್ಯೂ ಶಾಲೆಯ ಪ್ರಿಸ್ಕೂಲಿಗೆ ಖರ್ಚಿಲ್ಲದೆ ಸೇರಿದ್ದು, ಅವನಿಗಾಗಿಯೇ ಐಇಪಿ ಎಂಬ ವೈಯಕ್ತಿಕ ಪಾಠದ ಯೋಜನೆ ಬರೆದುಕೊಟ್ಟಿದ್ದು ಆ ದಾರಿಯಲ್ಲೇ. ವಿಮೆಯದ್ದೂ ಅಷ್ಟೇ. ಮೈಕ್ರೋಸಾಫ್ಟ್ ತನ್ನ ನೌಕರರ ವಿಮೆಯಲ್ಲಿ ಎಬಿಎ ಸೇರಿಸಿದ್ದು 2001ರಲ್ಲಿ, ಬೇರೆ ಕಂಪನಿಗಳಿಗಿಂತ ಬಹಳ ಮುಂಚೆ. ಸರದಿ ದೊಡ್ಡದು ಎಂದು ಗೊಣಗುವಾಗ ನಾನು ಇದನ್ನೆಲ್ಲ ನೆನೆಸಿಕೊಳ್ಳುತ್ತೇನೆ (ನೆನೆಸಿಕೊಂಡು ಮತ್ತೆ ಗೊಣಗುತ್ತೇನೆ).

ಕರ್ನಾಟಕದ ನಂಟಿರುವ ಇನ್ನೊಬ್ಬ ತಾಯಿಯನ್ನು ಬಿಡುವ ಹಾಗಿಲ್ಲ. ಸೋಮಾ ಮುಖೋಪಾಧ್ಯಾಯ ಎಂಬಾಕೆ ಬೆಂಗಳೂರಿನಲ್ಲಿದ್ದಾಗ ಮಾತು ಬಾರದ ಮಗ ಟಿಟೊಗೆ ತಾವೇ ಅಕ್ಷರದ ಹಲಗೆ ಹಿಡಿದು ಕಲಿಸಿದರು. ಟಿಟೊನ ಬರಹದ ಪುಸ್ತಕ 2000ದಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. 2001ರಲ್ಲಿ ತಾಯಿ ಮಗ ಅಮೆರಿಕಕ್ಕೆ ಬಂದರು, ಆಕೆ ತಮ್ಮ ವಿಧಾನಕ್ಕೆ 'ರ‍್ಯಾಪಿಡ್ ಪ್ರಾಂಪ್ಟಿಂಗ್' ಎಂದು ಹೆಸರಿಟ್ಟು ಟೆಕ್ಸಸ್‌ನ ಆಸ್ಟಿನ್‌ನಲ್ಲಿ ಬೇರೆ ಮಕ್ಕಳಿಗೂ ಕಲಿಸತೊಡಗಿದರು. ಓದಿ ನನಗೆ ಮೈ ಜುಮ್ಮೆಂದಿತು. ನಾವೂ ಆಸ್ಟಿನ್‌ಗೆ ಹೋಗೋಣ ಎಂದೆ. ಹೆಂಡತಿ ಕೇಳಿದ್ದು ಒಂದೇ ಪ್ರಶ್ನೆ: "ಹಲಗೆ ಹಿಡಿದವರಿಗೆ ಉತ್ತರ ಗೊತ್ತಿಲ್ಲದೇ ಇದ್ದಾಗ್ಲೂ ಮಗು ಸರಿಯಾದ ಅಕ್ಷರ ತೋರಿಸುತ್ತಾ?" ಆ ಪರೀಕ್ಷೆ ಸರಿಯಾಗಿ ನಡೆದಿಲ್ಲ ಎಂಬುದೇ ತಕರಾರು. ಅಮೆರಿಕದ ವಾಕ್ ಮತ್ತು ಶ್ರವಣ ತಜ್ಞರ ಸಂಘ 2018ರಲ್ಲಿ ಈ ವಿಧಾನ ಬೇಡ ಎಂದು ಸ್ಪಷ್ಟವಾಗಿ ಹೇಳಿದೆ. ಆ ತಾಯಿಯ ಹಟ, ದುಡಿಮೆ ದೊಡ್ಡದು, ನನಗೆ ಅದರ ಬಗ್ಗೆ ಗೌರವವಿದೆ. ಆದರೆ ಕೋಡುಬಳೆಯ ಡಬ್ಬಿಯ ಮುಂದೆ "ಕೊಡು ಅಂದ!" ಎಂದು ಕುಣಿದವನು ನಾನು. ಪ್ರೀತಿಯಿರುವ ಕಿವಿಗೆ ಏನು ಬೇಕೋ ಅದೇ ಕೇಳಿಸುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತು. ನಾವು ಆಸ್ಟಿನ್‌ಗೆ ಹೋಗಲಿಲ್ಲ.

2020ರ ಮಾರ್ಚಿನಲ್ಲಿ ಕೋವಿಡ್ ಬಂತು, ನಮ್ಮ ಕರ್ಕ್‌ಲ್ಯಾಂಡ್ ಕಡೆಯಿಂದಲೇ ಸುದ್ದಿ ಶುರು. ಕ್ಲಿನಿಕ್ ಮುಚ್ಚಿತು, ಶಾಲೆ ಮುಚ್ಚಿತು. ಐದು ವರ್ಷದ ಪುಟ್ಟನನ್ನು ಜೂಮ್ ಮುಂದೆ ಕೂರಿಸುವ ಪ್ರಯತ್ನದ ಬಗ್ಗೆ ಬರೆದರೆ ಅದೇ ಒಂದು ಹಾಸ್ಯ ಲೇಖನವಾದೀತು, ಆಗ ನಗು ಬಂದಿರಲಿಲ್ಲ. ಆ ವರ್ಷವೇ ಅವಳು ಮಾಸ್ಟರ್ಸ್‌ಗೆ ಸೇರಿದಳು. ಬಿಸಿಬಿಎ ಎಂಬ ಮುಂದಿನ ಮೆಟ್ಟಿಲಿಗೆ ಸ್ನಾತಕೋತ್ತರ ಪದವಿ ಬೇಕು, ಮೇಲ್ವಿಚಾರಣೆಯಲ್ಲಿ ದುಡಿದ ಗಂಟೆಗಳು ಬೇಕು, ಈಗಿನ ನಿಯಮದಲ್ಲಿ 2000 ಗಂಟೆ. ರಾತ್ರಿ ಹನ್ನೊಂದಕ್ಕೆ ಬಟ್ಟೆಯ ಕ್ಲಾಸೆಟ್ಟಿನೊಳಗೆ ಲ್ಯಾಪ್‌ಟಾಪ್ ಇಟ್ಟುಕೊಂಡು ತರಗತಿ. ಅಡುಗೆ ನನ್ನ ಪಾಲಿಗೆ ಬಂತು. ಮೂರು ವರ್ಷ ನಮ್ಮ ಮನೆಯಲ್ಲಿ ಬಿಸಿಬೇಳೆ ಬಾತ್ ಎಂದರೆ ಎಂಟಿಆರ್ ಪೊಟ್ಟಣ.

ಓದುತ್ತಾ ಹೋದಂತೆ ತನ್ನ ವಿದ್ಯೆಯ ಕೆಟ್ಟ ಪುಟಗಳೂ ಅವಳಿಗೆ ಸಿಕ್ಕವು. ಎಬಿಎಗೆ ಆಧಾರವೆಂದು ಎಲ್ಲರೂ ತೋರಿಸುವುದು ಐವರ್ ಲೋವಾಸ್‌ನ 1987ರ ಅಧ್ಯಯನ: ವಾರಕ್ಕೆ 40 ಗಂಟೆ ಕಲಿಸಿದ 19 ಮಕ್ಕಳಲ್ಲಿ 9 ಮಕ್ಕಳು ಸಾಮಾನ್ಯ ತರಗತಿಗೆ ಹೋದರು ಎಂದು. ಅದೇ ಲೋವಾಸ್ 1960ರ ದಶಕದಲ್ಲಿ ಮಕ್ಕಳಿಗೆ ಹೊಡೆದಿದ್ದ, ವಿದ್ಯುತ್ ಶಾಕ್ ಕೊಟ್ಟಿದ್ದ. 1965ರ ಲೈಫ್ ಪತ್ರಿಕೆಯಲ್ಲಿ ಚಿತ್ರಸಹಿತ ಬಂದಿದೆ. ಚಿಕ್ಕಂದಿನಲ್ಲಿ ಈ ಥೆರಪಿ ಪಡೆದು ಬೆಳೆದವರಲ್ಲಿ ಕೆಲವರು ಇವತ್ತು ಹೇಳುತ್ತಾರೆ: ನಮಗೆ ಕಲಿಸಿದ್ದು ನಮ್ಮಂತೆ ಇರಬಾರದು ಎಂಬುದನ್ನು. ಇದನ್ನು ಓದಿ ಅವಳು ಎರಡು ದಿನ ಮಾತಾಡಲಿಲ್ಲ. ಯಾಕೆಂದರೆ ಪುಟ್ಟನ ಮೊದಲ ವರ್ಷದ ಗುರಿಗಳಲ್ಲಿ ಕಣ್ಣಿಗೆ ಕಣ್ಣಿಟ್ಟು ನೋಡುವುದು, ಕೈ ಪಟಪಟ ಬಡಿಯದೆ ಇರುವುದು ಎರಡೂ ಇದ್ದವು, ನಾವೇ ಕೇಳಿ ಹಾಕಿಸಿದ್ದು. ಕೈ ಬಡಿಯುವುದು ಅವನ ಸಂತೋಷ. ಅದರಿಂದ ಯಾರಿಗೆ ನೋವು? ಸಂಘದ ಸಭಾಂಗಣದಲ್ಲಿ ನನಗೆ ಮುಜುಗರ, ಅಷ್ಟೇ ತಾನೇ? ಎರಡೂ ಗುರಿಗಳನ್ನು ತೆಗೆಸಿದೆವು. ಬೀದಿ ದಾಟುವುದು, ಹೊಟ್ಟೆನೋವೆಂದು ಹೇಳುವುದು, "ಬೇಡ" ಎನ್ನುವುದು ಉಳಿದವು. "ಬೇಡ" ಕಲಿಸಿ ನಾವು ಅನುಭವಿಸುತ್ತಿದ್ದೇವೆ, ಅದು ಬೇರೆ ವಿಷಯ.

ಆಟದಲ್ಲೇ ಕಲಿಸುವ ವಿಧಾನಗಳೂ ಈಗಿವೆ. ಚಿಕ್ಕ ಮಕ್ಕಳ ಡೆನ್ವರ್ ಮಾದರಿಯನ್ನು ಪರೀಕ್ಷಿಸಿದ್ದು ಇಲ್ಲೇ ನಮ್ಮ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ. 18ರಿಂದ 30 ತಿಂಗಳ 48 ಮಕ್ಕಳು, ಎರಡು ವರ್ಷ. 2010ರಲ್ಲಿ ಫಲಿತಾಂಶ ಪ್ರಕಟವಾಯಿತು. ಡೆನ್ವರ್ ಮಾದರಿಯಲ್ಲಿ ಕಲಿತ ಮಕ್ಕಳ ಬುದ್ಧಿಮಾಪನ ಸರಾಸರಿ 17.6 ಅಂಕ ಏರಿತು, ಬೇರೆ ಸೇವೆ ಪಡೆದ ಮಕ್ಕಳದ್ದು 7. ಅಪ್ಪ ಅಮ್ಮಂದಿರೂ ಕಲಿತು ಮನೆಯಲ್ಲಿ ಮಾಡುವುದು ಅದರ ಭಾಗ. ಅವಳ ಒಲವು ಈಗ ಆ ಕಡೆ.

2023ರಲ್ಲಿ ಪರೀಕ್ಷೆ ಬರೆದಳು, 185 ಪ್ರಶ್ನೆ, ನಾಲ್ಕು ಗಂಟೆ. ಮೊದಲ ಸಲ ಆಗಲಿಲ್ಲ. ಎರಡನೆಯ ಸಲ ಆಯಿತು. ಇವತ್ತು ಅವಳು ಪರವಾನಗಿ ಇರುವ ಬಿಹೇವಿಯರ್ ಅನಲಿಸ್ಟ್, ಕೈಕೆಳಗೆ ಆರು ಜನ. ತಮಾಷೆ ಏನೆಂದರೆ, ಯಾರಿಗಾಗಿ ಕಲಿತಳೋ ಅವನಿಗೆ ಅವಳು ಥೆರಪಿಸ್ಟ್ ಆಗುವಂತಿಲ್ಲ. ಒಬ್ಬರಿಗೆ ಎರಡು ಸಂಬಂಧವಾಗಬಾರದು ಎನ್ನುತ್ತದೆ ಅವರ ನೀತಿಸಂಹಿತೆ. ಪುಟ್ಟನ ಕಾರ್ಯಕ್ರಮ ಬರೆಯುವವರು ಬೇರೆಯವರು, ಇವಳು ಸಭೆಯಲ್ಲಿ ಅಮ್ಮನ ಕುರ್ಚಿಯಲ್ಲಿ ಕೂರುತ್ತಾಳೆ. ಮೊದಮೊದಲು ಇದು ಅನ್ಯಾಯ ಎನಿಸಿತ್ತು ನನಗೆ. ಅವಳಿಗೆ ಸಮಾಧಾನವೇ ಆಯಿತಂತೆ. "ಸಂಜೆ ಆರರ ಮೇಲೆ ನನಗೆ ಹಾಳೆ ಹಿಡಿಯೋದು ಬೇಡ" ಎಂದಳು.

ಪುಟ್ಟನಿಗೆ ಈಗ ಹತ್ತು. ಚೆನ್ನಾಗಿ ಮಾತಾಡುತ್ತಾನೆ ಎಂದರೆ ಸುಳ್ಳಾಗುತ್ತದೆ. ಮೂರು ನಾಲ್ಕು ಪದಗಳ ವಾಕ್ಯ, ಅರ್ಧ ಕನ್ನಡ, ಅರ್ಧ ಇಂಗ್ಲಿಷ್, ಉಳಿದದ್ದಕ್ಕೆ ಐಪ್ಯಾಡಿನ ಚಿತ್ರಗಳು. ಅಜ್ಜಿಯ ಜೊತೆ ಮಾತ್ರ ಪೂರ್ತಿ ಕನ್ನಡ. ರಾತ್ರಿ ಎರಡಕ್ಕೆ ಎದ್ದು ಕೂರುವುದು ಇನ್ನೂ ಇದೆ. ನಮ್ಮ ನಂತರ ಏನು ಎಂಬ ಪ್ರಶ್ನೆಯೂ ರಾತ್ರಿ ಎರಡಕ್ಕೇ ಬರುತ್ತದೆ. ಊರಿಗೆ ವಾಪಸ್ ಹೋಗುವ ಮಾತೂ ಬರುತ್ತದೆ. ಅಪ್ಪ ಅಮ್ಮನಿಗೆ ವಯಸ್ಸಾಯಿತು. ಬೆಂಗಳೂರಿನಲ್ಲಿ ಡಾ. ಪ್ರತಿಭಾ ಕಾರಂತರ ಕಾಂ-ಡೀಲ್ ಇದೆ, ಮೈಸೂರಿನ ಮಾನಸಗಂಗೋತ್ರಿಯಲ್ಲಿ ವಾಕ್ ಶ್ರವಣ ಸಂಸ್ಥೆಯಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಲ್ಲಿ ಆಟಿಸಂ ಹೆಸರೂ ಸೇರಿದೆ. ಇನ್ನೊಂದು ಕಡೆ, ಅಲ್ಲಿ ಇವಳ ಕೈಕೆಳಗೆ ಹೊಸಬರನ್ನು ತಯಾರು ಮಾಡೋಣವೆಂದರೆ, 2023ರಿಂದ ಆ ಮಂಡಳಿ ಭಾರತದಲ್ಲಿರುವವರ ಹೊಸ ಅರ್ಜಿ ತೆಗೆದುಕೊಳ್ಳುತ್ತಿಲ್ಲ. ನಾವಿನ್ನೂ ತೀರ್ಮಾನಿಸಿಲ್ಲ.

ಕಳೆದ ವರ್ಷದಿಂದ ಅವಳಿಗೆ ಫೋನುಗಳು ಬರುತ್ತಿವೆ. ಹೆಚ್ಚಿನವು ರಾತ್ರಿ ಹೊತ್ತು, ಮೆಲ್ಲಗಿನ ದನಿ, "ಯಾರಿಗೂ ಹೇಳ್ಬೇಡಿ ಪ್ಲೀಸ್" ಎಂಬ ಪೀಠಿಕೆ. ಆ ದನಿ ನನಗೆ ಗೊತ್ತು, ಟಾರ್ಗೆಟ್‌ನಲ್ಲಿ ಜ್ವರವೆಂದ ದನಿ ಅದು. ಈ ದೇಶದ ಲೆಕ್ಕದಲ್ಲಿ ಎಂಟು ವರ್ಷದ 31 ಮಕ್ಕಳಲ್ಲಿ ಒಬ್ಬರಿಗೆ ಆಟಿಸಂ ಇದೆ. 2000ದ ಲೆಕ್ಕದಲ್ಲಿ 150ಕ್ಕೆ ಒಬ್ಬರಿದ್ದರು. ವ್ಯಾಖ್ಯೆ ಹಿಗ್ಗಿದ್ದು, ಗುರುತಿಸುವುದು ಹೆಚ್ಚಿದ್ದು ಇದಕ್ಕೆ ಮುಖ್ಯ ಕಾರಣಗಳು. ನಮ್ಮ ಯುಗಾದಿ ಊಟಕ್ಕೆ ಎಷ್ಟು ಮಕ್ಕಳು ಬರುತ್ತಾರೆ, ನೀವೇ ಭಾಗಿಸಿ ನೋಡಿ.

ಹಾಗಾಗಿ ಸಂಘದವರನ್ನು ಕೇಳಿ ಒಂದು ವ್ಯವಸ್ಥೆ ಮಾಡಿಕೊಂಡಿದ್ದೇವೆ. ಮುಂದಿನ ಕಾರ್ಯಕ್ರಮದಲ್ಲಿ ಸಭಾಂಗಣದ ಪಕ್ಕದ ಚಿಕ್ಕ ಕೋಣೆ ನಮಗೆ. ಅಲ್ಲಿ ಮೈಕಿನ ಸದ್ದು ಬರುವುದಿಲ್ಲ, ದೀಪ ಮಂದವಾಗಿರುತ್ತದೆ, ಒಳಗೆ ಹೋಗಲು ಹೊರಗೆ ಬರಲು ಒಂದೇ ಬಾಗಿಲು. ಮಕ್ಕಳು ಕೈ ಬಡಿಯಬಹುದು, ಕುಣಿಯಬಹುದು, ಮೂಲೆಯಲ್ಲಿ ಮಲಗಬಹುದು. ಹೆಂಡತಿ ಅಲ್ಲೇ ಇರುತ್ತಾಳೆ, ಚಿಕಿತ್ಸೆ ಕೊಡಲು ಅಲ್ಲ, ಮಾತಾಡಲು, ಕನ್ನಡದಲ್ಲಿ. ನಾನೂ ಇರುತ್ತೇನೆ. ಅತ್ತೆ ಕಳಿಸಿದ ಕೋಡುಬಳೆ ಒಂದು ದೊಡ್ಡ ಡಬ್ಬಿ ಇರುತ್ತದೆ, ಮುಚ್ಚಳ ಸ್ವಲ್ಪ ಬಿಗಿ. ತೆಗೆಯಲಾಗದಿದ್ದರೆ ಪುಟ್ಟನನ್ನು ಕೇಳಿ, ತೆಗೆದುಕೊಡುತ್ತಾನೆ.